ನಾಲ್ಕು ತಂತಿಯ ವಂಶಾವಳಿ

ಜಮೀನಿಗೆ ಪಹಣಿಯುಂಟು, ಮನೆಗೆ ಕ್ರಯಪತ್ರವುಂಟು. ಯಾರಿಂದ ಯಾರಿಗೆ ಬಂತು, ನಡುವೆ ಯಾರು ಅಡವಿಟ್ಟರು, ಯಾರು ಬಿಡಿಸಿಕೊಂಡರು ಎಂಬುದೆಲ್ಲ ಕಚೇರಿಯ ದಫ್ತರದಲ್ಲಿ ಸಿಕ್ಕುತ್ತದೆ. ನುಡಿಸಿದರೆ ನುಡಿಯುವ, ಬಿಟ್ಟರೆ ಮೂಲೆಯಲ್ಲಿ ಸುಮ್ಮನೆ ನಿಲ್ಲುವ ವಾದ್ಯಕ್ಕೆ ಮಾತ್ರ ಇಂಥ ದಫ್ತರವಿಲ್ಲ. ಅದು ಕೈಯಿಂದ ಕೈಗೆ ಹೋಗುತ್ತದೆ. ಹೋದ ದಾರಿಯನ್ನು ಮೈಮೇಲೆ ಬರೆದುಕೊಳ್ಳುತ್ತದೆ. ಆ ಬರೆಹವನ್ನು ಓದುವ ಹುಚ್ಚು ನನಗೆ ಹಿಡಿದದ್ದು ನನ್ನ ತಮ್ಮನ ಬೇಸ್ ಗಿಟಾರಿನಿಂದ.

ಅದೇನು ವಾದ್ಯವೆಂದು ಕೇಳುವ ಓದುಗರೂ ಇರಬಹುದು. ಸಾಮಾನ್ಯ ಗಿಟಾರಿಗೆ ಆರು ತಂತಿ. ಇದಕ್ಕೆ ನಾಲ್ಕೇ, ಅವೂ ದಪ್ಪ. ಸ್ವರ ಬಲು ಮಂದ್ರ. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುತ್ತಿದ್ದ ವಾದಕರಿಗೆ ಕ್ಯಾಲಿಫೋರ್ನಿಯದ ಲಿಯೋ ಫೆಂಡರ್ 1951ರಲ್ಲಿ ಹೆಗಲಿಗೆ ತೂಗುಹಾಕಿಕೊಳ್ಳುವ ‘ಪ್ರಿಸಿಷನ್ ಬೇಸ್’ ಮಾಡಿಕೊಟ್ಟ. ಮೇಳದಲ್ಲಿ ಇದರ ಪಾಡು ಮದುವೆಮನೆಯ ಅಡಿಗೆಯವನ ಪಾಡು. ಇದ್ದಾಗ ಯಾರೂ ತಿರುಗಿ ನೋಡರು. ಇಲ್ಲದಿದ್ದರೆ ಮದುವೆಯೇ ನಡೆಯದು. ತಂಬೂರಿಯನ್ನು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನನ್ನ ತಮ್ಮ ಉದ್ಯೋಗದ ಮೇಲೆ ಅಮೆರಿಕದಲ್ಲಿದ್ದಾಗ ಹಳೆಯ ವಾದ್ಯಗಳ ಅಂಗಡಿಯೊಂದರಲ್ಲಿ ಇದನ್ನು ಕೊಂಡ; ಬೆಂಗಳೂರಿಗೆ ಹಿಂತಿರುಗುವಾಗ ಹಸುಗೂಸಿನಂತೆ ಜತೆಯಲ್ಲೇ ತಂದ. ಅವನು ತೀರಿಕೊಂಡ ಮೇಲೆ ಒಂದು ವರ್ಷ ಆ ಪೆಟ್ಟಿಗೆಯನ್ನು ಯಾರೂ ತೆರೆಯಲಿಲ್ಲ. ಕಡೆಗೆ ಮಾರಿಬಿಡೋಣವೆಂದು ಅವನ ಮಗ ತೆರೆದ. ನೋಡಲು ಬಂದ ಗಿರಾಕಿ ಬೆಲೆ ಕೇಳುವ ಮೊದಲೇ, “ಇದು ಹಿಂದೆ ಯಾರಲ್ಲಿತ್ತು?” ಎಂದು ಕೇಳಿದ. ಹೆಣ್ಣು ನೋಡಲು ಬಂದವರು ಗೋತ್ರ ಕೇಳಿದಂತಾಯಿತು. ನಮಗೆ ಗೊತ್ತಿದ್ದದ್ದು ಒಂದೇ ತಲೆಮಾರು.

ಅಲ್ಲಿಂದ ಶುರುವಾಯಿತು ನಮ್ಮ ಶೋಧನೆ. ಈ ವಾದ್ಯದ ಕತ್ತನ್ನು ಮೈಗೆ ನಾಲ್ಕು ಸ್ಕ್ರೂಗಳಿಂದ ಕೂರಿಸಿರುತ್ತಾರೆ. ಬಿಚ್ಚಿದರೆ, ಕತ್ತಿನ ಬುಡದಲ್ಲಿ ತಾರೀಖು. ಮೊದಮೊದಲು ಪೆನ್ಸಿಲಿನಲ್ಲಿ, 1962ರ ಸುಮಾರಿನಿಂದ ರಬ್ಬರ್ ಮೊಹರಿನಲ್ಲಿ. ನಮ್ಮದರಲ್ಲಿ ಮೊಹರು ಮಾಸಿ 67 ಎಂಬ ಅಂಕಿ ಮಾತ್ರ ಉಳಿದಿತ್ತು. ಒಳಗೆ ದನಿಯನ್ನು ಏರಿಸಿ ಇಳಿಸುವ ಗುಂಡಿಯ ಬೆನ್ನಿಗೆ 1376610 ಎಂದು ಒತ್ತಿತ್ತು. 137 ಎಂಬುದು ಗುಂಡಿ ಮಾಡಿದ ಕಂಪೆನಿಯ ಗುರುತು. ಮಿಕ್ಕದ್ದು 1966ನೆಯ ಇಸವಿಯ ಹತ್ತನೆಯ ವಾರ. ಗುಂಡಿಗೂ ಕತ್ತಿಗೂ ಜಗಳವೇನಿಲ್ಲ. ಆ ವರ್ಷ ಕೊಂಡ ಗುಂಡಿಗಳ ರಾಶಿಯನ್ನು ಕಾರ್ಖಾನೆಯವರು ಮುಂದೆಯೂ ಕೆಲವು ವರ್ಷ ಬಳಸಿದರು. ಹಿಂಬದಿಯ ಲೋಹದ ತಗಡಿನ ಮೇಲೆ ಕ್ರಮಸಂಖ್ಯೆಯೇನೋ ಇದೆ. ಆದರೆ ಕೆಲಸಗಾರರು ತಗಡುಗಳನ್ನು ಡಬ್ಬದಿಂದ ಕೈಗೆ ಸಿಕ್ಕ ಹಾಗೆ ತೆಗೆದು ಜಡಿಯುತ್ತಿದ್ದುದರಿಂದ ಸಂಖ್ಯೆಯ ಕ್ರಮವೇ ಬೇರೆ, ಕಾಲದ ಕ್ರಮವೇ ಬೇರೆ.

ಇಷ್ಟು ಜಾತಕದ ಮಾತು. ಬಾಳಿದ ಬಾಳಿಗೆ ಮೈಯನ್ನೇ ನೋಡಬೇಕು. ತಂತಿಗಳ ಕೆಳಗಡೆ ಮರದಲ್ಲಿ ಮುಚ್ಚಿದ ಎರಡು ತೂತುಗಳಿವೆ. ಆಗಿನ ಕಾಲದಲ್ಲಿ ಅಲ್ಲೊಂದು ಸಣ್ಣ ಆಸರೆ ಇರುತ್ತಿತ್ತು. ಬೆರಳುಗಳನ್ನು ಅದಕ್ಕೆ ಆನಿಸಿ ಹೆಬ್ಬೆರಳಿನಿಂದ ಮೀಟಲಿ ಎಂದು. ಯಾರೋ ಅದನ್ನು ಕಿತ್ತು ಮೇಲ್ಗಡೆಗೆ ಹಾಕಿದ್ದಾರೆ. ಎಂದರೆ ಆತ, ಅಥವಾ ಆಕೆ, ಹೆಬ್ಬೆರಳನ್ನು ಊರಿ ಬೆರಳುಗಳಿಂದ ಮೀಟುವವರು. ತಲೆಯ ಕಡೆ ಸಿಗರೇಟಿನ ಸುಟ್ಟ ಕಲೆ. ತಂತಿಯ ತುದಿಗೆ ಸಿಗರೇಟು ಸಿಕ್ಕಿಸಿ ನುಡಿಸುವುದು ಆ ವಾದಕರಲ್ಲಿ ರೂಢಿಯಾಗಿತ್ತು. ಬೆನ್ನಿಗೆ ಬೆಲ್ಟಿನ ಬಕಲಿನ ಗೀರುಗಳು. ಮೂರು ಗುರುತುಗಳೂ ಒಬ್ಬರವೋ ಮೂವರವೋ ಯಾರು ಬಲ್ಲರು? ನನ್ನ ತಮ್ಮ ಸಿಗರೇಟು ಸೇದಿದವನಲ್ಲ. ಅಷ್ಟರಮಟ್ಟಿಗೆ ಒಬ್ಬರಾದರೂ ಬೇರೆ.

ಈ ವಾದ್ಯದ ಜನರಿಗೆ ಅಜ್ಞಾತವಾಸ ಹೊಸದಲ್ಲ. ಡೆಟ್ರಾಯಿಟ್ ನಗರದ ಮೋಟೌನ್ ಕಂಪೆನಿಯ ಹೆಸರಾಂತ ಹಾಡುಗಳಲ್ಲಿ ಬಹುಪಾಲಿಗೆ ಬೇಸ್ ನುಡಿಸಿದವನು ಜೇಮ್ಸ್ ಜೇಮರ್ಸನ್. ತೋರುಬೆರಳೊಂದರಿಂದಲೇ ಮೀಟುತ್ತಿದ್ದನಂತೆ. ಲೋಕವೆಲ್ಲ ಅವನ ಬೆರಳಿಗೆ ಕುಣಿಯಿತು. ಆದರೆ ಬಹುಕಾಲ ರೆಕಾರ್ಡುಗಳ ಮೇಲೆ ಅವನ ಹೆಸರು ಅಚ್ಚಾಗಲಿಲ್ಲ. 1983ರಲ್ಲಿ ಅವನು ಸಾಯುವುದಕ್ಕೆ ಸ್ವಲ್ಪ ಮುಂಚೆ ಅವನ 1962ರ ಫೆಂಡರ್ ಬೇಸನ್ನು ಯಾರೋ ಕದ್ದರು.

ಕಳವಿನ ಮಾತು ಬಂದಾಗ ಮಗನ ಮುಖ ಸಣ್ಣದಾಯಿತು. “ದೊಡ್ಡಪ್ಪ, ಇದೂ ಕದ್ದ ಮಾಲಾಗಿದ್ದರೆ?” ಎಂದ. ಕಳುವಾದ ವಾದ್ಯಗಳ ಸಂಖ್ಯೆಗಳನ್ನು ಪಟ್ಟಿ ಮಾಡಿಟ್ಟುಕೊಂಡಿರುವ ವಾದಕರ ಬಳಗಗಳುಂಟು. ನಮ್ಮ ತಗಡಿನ ಸಂಖ್ಯೆಯನ್ನು ಅವರಿಗೆ ಬರೆದು ಕೇಳುವುದೇನೂ ಕಷ್ಟವಲ್ಲ. ಕಷ್ಟ, ಬರುವ ಉತ್ತರದ್ದು. ‘ನನ್ನದು’ ಎಂದು ಯಾರಾದರೂ ಹೇಳಿದರೆ ತಂದೆಯ ಕೈಯ ಬೆವರು ಹೀರಿದ ಒಂದೇ ಒಂದು ವಸ್ತುವನ್ನು ಹುಡುಗ ಒಪ್ಪಿಸಬೇಕು. ಹಿಂದಿನ ಒಡೆಯರನ್ನು ಹುಡುಕುವುದೆಂದರೆ ನಾವು ಒಡೆಯರಲ್ಲವೆಂದು ಕೇಳಲು ಸಿದ್ಧರಾಗುವುದು. ಮಾರುವ ಯೋಚನೆ ಅಂದೇ ಹಿಂದೆ ಬಿತ್ತು. ಬರೆಯುವ ಯೋಚನೆಯೂ ಮುಂದೆ ಹೋಗಲಿಲ್ಲ.

ಆಗ ಅವನಿಗೆ ನಾನು ಹೇಳಿದ್ದು ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯ ಬೇಸಿನ ಕಥೆ. 1961ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಆತ ಅದನ್ನು ಸುಮಾರು 30 ಪೌಂಡಿಗೆ ಕೊಂಡ. ಹಾಫ್ನರ್ ಕಂಪೆನಿಯದು, ಪಿಟೀಲಿನ ಆಕಾರ. 1972ರ ಅಕ್ಟೋಬರಿನಲ್ಲಿ ಲಂಡನಿನ ನಾಟಿಂಗ್ ಹಿಲ್ಲಿನಲ್ಲಿ ನಿಂತಿದ್ದ ವ್ಯಾನಿನಿಂದ ಅದು ಕಳುವಾಯಿತು. ಕದ್ದವನು ಅದನ್ನು ಒಬ್ಬ ಪಬ್ಬಿನ ಯಜಮಾನನಿಗೆ ಮಾರಿದ. ಕಡೆಗೆ ಅದು ದಕ್ಷಿಣ ಇಂಗ್ಲೆಂಡಿನ ಒಂದು ಮನೆಯ ಅಟ್ಟ ಸೇರಿತು. ಹಾಫ್ನರ್ ಕಂಪೆನಿಯೊಂದಿಗೆ ಕೆಲಸ ಮಾಡಿದ್ದವರೊಬ್ಬರು 2018ರಲ್ಲಿ ಹುಡುಕಾಟ ಆರಂಭಿಸಿದರು. 2023ರ ಸೆಪ್ಟೆಂಬರಿನಲ್ಲಿ ಸಂಗಡಿಗರೊಡನೆ ಬಹಿರಂಗವಾಗಿ ಲೋಕವನ್ನೆಲ್ಲ ಕೇಳಿದರು. ಕಾಗದಗಳ ಮಳೆ ಬಂತು. ಸುದ್ದಿ ಆ ಮನೆಗೂ ಮುಟ್ಟಿತು; ಅಟ್ಟದಲ್ಲಿರುವುದು ಏನೆಂದು ಮನೆಯವರಿಗೆ ಹೊಳೆಯಿತು; ಬೇಸು ಒಡೆಯನ ಕೈ ಸೇರಿತು. ರಿಪೇರಿಯಾಗಿ, 2024ರ ಡಿಸೆಂಬರಿನಲ್ಲಿ ಲಂಡನಿನ ರಂಗದ ಮೇಲೆ ಮತ್ತೆ ನುಡಿಯಿತು.

ಕಥೆ ಕೇಳಿದವರೆಲ್ಲ ಮೆಕಾರ್ಟ್ನಿಯ ಸಂತೋಷವನ್ನು ಕೊಂಡಾಡಿದರು. ಕೊಂಡಾಡಲಿ. ನನ್ನ ಮನಸ್ಸು ಮಾತ್ರ ಆ ಅಟ್ಟದ ಮನೆಯವರನ್ನು ಬಿಟ್ಟು ಬರಲೊಲ್ಲದು. ನಡುವಿನ ಐವತ್ತೊಂದು ವರ್ಷವನ್ನು ‘ಕಳೆದುಹೋದ ಕಾಲ’ ಎನ್ನುತ್ತಾರೆ. ಆ ಕಾಲದಲ್ಲಿ ಯಾರೂ ಅದನ್ನು ಒಲೆಗೆ ಹಾಕಲಿಲ್ಲ, ಗುಜರಿಗೆ ಕೊಡಲಿಲ್ಲ, ಇಟ್ಟುಕೊಂಡರು. ತಿಳಿದ ದಿನ ಕೊಟ್ಟರು. ಒಡೆತನದ ಪಟ್ಟಿಯಲ್ಲಿ ಅವರಿಗೆ ಜಾಗವಿಲ್ಲದಿರಬಹುದು. ಅವರಿಲ್ಲದೆ ಪಟ್ಟಿಯೇ ಇಲ್ಲ. ಮೇಳದಲ್ಲಿ ಬೇಸಿನ ಕೆಲಸವೂ ಇದೇ ಅಲ್ಲವೆ?

ಹುಡುಗ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬೆಳಗ್ಗೆ ತಾನೇ ತಗಡಿನ ಸಂಖ್ಯೆಯನ್ನೂ ಆ ಎರಡು ತೂತುಗಳ ಚಿತ್ರವನ್ನೂ ಬಳಗದವರಿಗೆ ಕಳಿಸಿದ. ಅವರ ಪಟ್ಟಿಯಲ್ಲಿ ಆ ಸಂಖ್ಯೆ ಇಲ್ಲವೆಂದು ಉತ್ತರ ಬಂತು. ಸಮಾಧಾನವಾಯಿತು, ಆದರೆ ಸೇದುತ್ತಿದ್ದ ಆ ಮನುಷ್ಯ ಯಾರೆಂಬುದು ತಿಳಿಯದೇ ಉಳಿಯಿತು. ಈಗ ಪೆಟ್ಟಿಗೆಯ ಮುಚ್ಚಳದ ಒಳಗೆ ಹುಡುಗ ಒಂದು ಕಾಗದ ಅಂಟಿಸಿದ್ದಾನೆ. ಮೇಲೆ 1967 ಎಂದು ಬರೆದು ನಾಲ್ಕು ಗೆರೆ ಖಾಲಿ ಬಿಟ್ಟಿದ್ದಾನೆ. ಅದರ ಕೆಳಗೆ ತಂದೆಯ ಹೆಸರು, ಕೊಂಡ ಊರು, ಇಸವಿ. ತನ್ನ ಹೆಸರನ್ನು ಬರೆದಿಲ್ಲ. ಏಕೆಂದು ಕೇಳಿದರೆ, “ಮೊದಲು ನುಡಿಸುವುದನ್ನು ಕಲಿಯುತ್ತೇನೆ, ದೊಡ್ಡಪ್ಪ,” ಎಂದ.