ಮೆದು ದಿಕ್ಕು

ಹಾಸನ, ಮೈಸೂರು ಜಿಲ್ಲೆಗಳಲ್ಲೂ ದೊರೆಯುವ ಕಯನೈಟ್ ಎಂಬ ನೀಲಿ ಹರಳನ್ನು ಚಾಕುವಿನಿಂದ ಉದ್ದಕ್ಕೆ ಗೀಚಿದರೆ ಗೆರೆ ಮೂಡುತ್ತದೆ. ಅಡ್ಡಕ್ಕೆ ಗೀಚಿದರೆ ಮೂಡುವುದಿಲ್ಲ. ಮೋಸ್ ಮಾಪಕದಲ್ಲಿ ಮೊದಲ ದಿಕ್ಕಿನ ಗಡಸುತನ ಸುಮಾರು 5, ಎರಡನೆಯದರದು ಸುಮಾರು 7. ದಿಕ್ಕು ಬದಲಾದಂತೆ ಗುಣವೂ ಬದಲಾಗುವ ಇಂತಹ ಹರಳುಗಳನ್ನು ಅನೈಸೊಟ್ರೋಪಿಕ್ ಎನ್ನುತ್ತಾರೆ.

ವರ್ಗಾವಣೆಯ ನೌಕರಿಯಲ್ಲಿ ಊರೂರು ಸುತ್ತಿದ ನನಗೆ ಈ ಕಲ್ಲು ಆಪ್ತವೆನಿಸುತ್ತದೆ. ಕಡತಗಳ ಹಿಂದಿ, ಇಂಗ್ಲಿಷುಗಳ ಕಡೆಯಿಂದ ಬರುವ ಯಾವ ಮಾತೂ ನನ್ನ ಮೇಲೆ ಗೆರೆ ಎಳೆಯದು. ಊರಿನಿಂದ ಅಮ್ಮ ಫೋನಿನಲ್ಲಿ ‘ಹಬ್ಬಕ್ಕಾದ್ರೂ ಬರ್ತೀಯೇನೋ?’ ಎಂದಾಗ, ಅದಕ್ಕೆ ಮಗಳು ಹಿಂದಿಯಲ್ಲಿ ಉತ್ತರ ಕೊಟ್ಟಾಗ, ಗೆರೆ ಆಳಕ್ಕಿಳಿಯುತ್ತದೆ.

ಈ ಮೆದುತನ ಹೋಗಲೆಂದು ಬಯಸಲಾರೆ. ಎಲ್ಲ ದಿಕ್ಕಿಗೂ ಒಂದೇ ಸಮನಾಗಿರುವುದು ಗಾಜು. ಅದರ ಪರಮಾಣುಗಳಿಗೆ ದೂರದವರೆಗೆ ಸಾಗುವ ಜೋಡಣೆಯ ಕ್ರಮವಿಲ್ಲ. ಕಯನೈಟಿಗೆ ಮೆದು ದಿಕ್ಕು ಇರುವುದು ಒಳಗೊಂದು ಕ್ರಮ ಇರುವುದರಿಂದಲೇ.