ಗೋಡೆಗೆ ತೂಗುವ ಉಡುಗೊರೆ

ವರ್ಷವು ಮುಗಿಯುತ್ತ ಬಂದಿತೆಂದರೆ, ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಹೊಸ ಕ್ಯಾಲೆಂಡರು ಎಲ್ಲಿಂದ ಬರುವುದೆಂಬ ವಿಚಾರವು ಮನೆಮನೆಗಳಲ್ಲಿ ಹುಟ್ಟುತ್ತದೆ. ಕಿರಾಣಿ ಅಂಗಡಿಯಿಂದ ಒಂದು, ಬಟ್ಟೆಯ ಅಂಗಡಿಯಿಂದ ಒಂದು, ಬಂಗಾರದ ಅಂಗಡಿಯಿಂದ ಇನ್ನೊಂದು; ಹೀಗೆ ಬಂದವುಗಳಲ್ಲಿ ತಿಥಿವಾರಗಳು ಸ್ಪಷ್ಟವಾಗಿ ಕಾಣುವುದನ್ನು ಗೃಹಿಣಿಯು ಆರಿಸಿಕೊಳ್ಳುತ್ತಾಳೆ. ವ್ಯಾಪಾರಿಯು ತನ್ನ ಗಿರಾಕಿಗೆ ವರ್ಷಾಂತ್ಯದಲ್ಲಿ ಕೊಡುವ ಉಡುಗೊರೆಯಿದು. ಪಡೆಯುವವರು ಅಸಂಖ್ಯಾತರು, ಕೊಡುವುದರ ಕಷ್ಟವನ್ನು ಬಲ್ಲವರು ಕೆಲವರೇ. ಆ ಕೆಲವರಲ್ಲಿ ನಾನೂ ಒಬ್ಬನು. ಗದಗಿನಲ್ಲಿ ನಮ್ಮದೊಂದು ಸಣ್ಣ ಮುದ್ರಣಾಲಯವುಂಟು. ಛಾಪಖಾನೆಗಳು ಹೇರಳವಾಗಿರುವ ಈ ಊರನ್ನು 'ಮುದ್ರಣ ಕಾಶಿ'ಯೆಂದು ಕರೆಯುವ ವಾಡಿಕೆಯಿದೆ. ಆದಕಾರಣ ಗಿರಾಕಿಯನ್ನು ಉಳಿಸಿಕೊಳ್ಳುವ ಚಿಂತೆಯೂ ಇಲ್ಲಿ ಕಾಶಿಯ ಗಂಗೆಯಂತೆ ಎಂದೂ ಬತ್ತುವುದಿಲ್ಲ.

ನಮ್ಮ ತೀರ್ಥರೂಪರ ಕಾಲದಲ್ಲಿ ವ್ಯಾಪಾರದ ವರ್ಷವು ದೀಪಾವಳಿಗೆ ಮುಗಿಯುತ್ತಿತ್ತು. ಅಮಾವಾಸ್ಯೆಯ ಸಂಜೆ ಹಳೆಯ ಕಿರ್ದಿ ಖತಾವಣಿಗಳನ್ನು ಕಟ್ಟಿಟ್ಟು, ಹೊಸ ವಹಿಗಳಿಗೆ ಅರಿಸಿನ ಕುಂಕುಮಗಳನ್ನು ಹಚ್ಚಿ, ಟ್ರೆಡಲ್ ಯಂತ್ರಕ್ಕೆ ಚೆಂಡುಹೂವಿನ ಮಾಲೆಯನ್ನು ಹಾಕಿ ಲಕ್ಷ್ಮೀಪೂಜೆ ಮಾಡುತ್ತಿದ್ದರು. ಗಿರಾಕಿಗಳು ಬಂದು ಜಮಖಾನೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡು, ಫಳಾರದ ಪೊಟ್ಟಣವನ್ನು ತೆಗೆದುಕೊಂಡು ಹೋಗುತ್ತಿದ್ದರು. 1989ರ ಮಾರ್ಚ್ 31ಕ್ಕೆ ಮುಗಿದ ವರ್ಷದಿಂದ ಆದಾಯ ತೆರಿಗೆಗೆ ಎಲ್ಲರಿಗೂ ಒಂದೇ ಲೆಕ್ಕದ ವರ್ಷವೆಂದು ಕಾಯಿದೆಯಾಯಿತು. ಅಂದಿನಿಂದ ದೀಪಾವಳಿಯಲ್ಲಿ ಪೂಜೆಯು ಉಳಿಯಿತು, ಲೆಕ್ಕವು ಮಾರ್ಚಿಗೆ ಹೋಯಿತು, ಉಡುಗೊರೆಯು ಡಿಸೆಂಬರಿನ ಕ್ಯಾಲೆಂಡರಾಗಿ ನಿಂತಿತು. ಶಿವಕಾಶಿಯಲ್ಲಿ ಅಚ್ಚಾದ ಹಾಳೆಗಳನ್ನು ತರಿಸಿ, ಕೆಳಗೆ ಬಿಟ್ಟಿರುವ ಬರಿಯ ಜಾಗದಲ್ಲಿ ಅಂಗಡಿಗಳ ಹೆಸರನ್ನು ಮುದ್ರಿಸಿಕೊಡುವುದು ನಮ್ಮ ಚಳಿಗಾಲದ ಕಸುಬು. ನಮ್ಮ ಸ್ವಂತ ಗಿರಾಕಿಗಳಿಗೂ ನಮ್ಮ ಹೆಸರಿನದೊಂದನ್ನು ಕಳುಹಿಸುತ್ತಿದ್ದೆವು.

ಈ ಕೊಡುವಿಕೆಯಲ್ಲಿ ತೀರ್ಥರೂಪರು ಮೂರು ನಿಯಮಗಳನ್ನು ಇಟ್ಟುಕೊಂಡಿದ್ದರು. ದೊಡ್ಡ ಗಿರಾಕಿಗೂ ಸಣ್ಣ ಗಿರಾಕಿಗೂ ವಸ್ತುವು ಒಂದೇ ಆಗಿರಬೇಕು. ಹಿಂದಿನ ಲೆಕ್ಕವು ತೀರಿದ ಮೇಲೆ ಕೊಡಬೇಕೇ ಹೊರತು ಮುಂದಿನ ಕೆಲಸದ ಮಾತು ನಡೆದಿರುವಾಗ ಕೊಡಬಾರದು. ಮೂರನೆಯದು ಅವರಿಗೆ ಬಹಳ ಪ್ರಿಯವಾದುದು: ಪಡೆದವನು ನಾಲ್ವರಿಗೆ ಕಾಣುವಂತೆ ಗೋಡೆಗೆ ತೂಗಹಾಕಲಾರದ ಉಡುಗೊರೆಯನ್ನು ಕೊಡಲೇಬಾರದು. ನಾನು ಇವುಗಳನ್ನು ಬಡತನದ ನಿಯಮಗಳೆಂದು ಭಾವಿಸಿದ್ದೆನು; ಕೈಯಲ್ಲಿ ಹಣವಿಲ್ಲದವರು ಕಾಗದವನ್ನು ಕೊಟ್ಟು ತತ್ತ್ವವನ್ನು ಹೇಳುತ್ತಾರೆಂದು ಮನಸ್ಸಿನಲ್ಲಿಯೇ ನಗುತ್ತಿದ್ದೆನು.

ಅವರು ತೀರಿಕೊಂಡ ಮರುವರ್ಷ ನನ್ನ ಬುದ್ಧಿಯು ಸ್ವತಂತ್ರವಾಗಿ ಓಡತೊಡಗಿತು. ಎಲ್ಲರ ಜೇಬಿನಲ್ಲಿಯೂ ಫೋನಿರುವಾಗ ಕ್ಯಾಲೆಂಡರು ಯಾರಿಗೆ ಬೇಕು? ಇನ್ನೂರೈವತ್ತು ಜನರಿಗೆ ಕಾಗದವನ್ನು ಹಂಚುವ ಹಣದಲ್ಲಿ, ಇನ್ನಷ್ಟು ಸೇರಿಸಿ, ಆರು ಮಂದಿ ದೊಡ್ಡ ಗಿರಾಕಿಗಳಿಗೆ ಬೆಳ್ಳಿಯ ಬಟ್ಟಲುಗಳನ್ನು ಕೊಟ್ಟರೆ ಅವರು ನಮ್ಮನ್ನು ನೆನೆಯದಿರುವರೇ? ಮನೆಯಾಕೆಯು, "ಮಾವನವರು ಹೀಗೆ ಮಾಡತಿದ್ದಿಲ್ಲ" ಎಂದಷ್ಟೇ ಹೇಳಿದಳು. ನಾನು ಕೇಳಲಿಲ್ಲ. ಡಿಸೆಂಬರಿನ ಮೂರನೆಯ ವಾರದಲ್ಲಿ ಆರು ಬಟ್ಟಲುಗಳು ಕೆಂಪು ಮಕಮಲ್ಲಿನ ಪೆಟ್ಟಿಗೆಗಳಲ್ಲಿ ಹೊರಟವು.

ನಾಲ್ಕನೆಯ ದಿನ ಒಂದು ಪೆಟ್ಟಿಗೆಯು ಹಿಂದಿರುಗಿತು. ಅದು ಒಂದು ಕಾರಖಾನೆಯಲ್ಲಿ ಖರೀದಿಯನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ ಕಳುಹಿಸಿದ್ದು. ಮುಂದಿನ ವರ್ಷದ ಮುದ್ರಣ ಕೆಲಸಕ್ಕೆ ನಾವು ಅವರಿಗೆ ದರಪಟ್ಟಿಯನ್ನು ಕೊಟ್ಟು ಇನ್ನೂ ಹದಿನೈದು ದಿನಗಳಾಗಿರಲಿಲ್ಲ. ಜೊತೆಯಲ್ಲಿದ್ದ ಚೀಟಿಯಲ್ಲಿ ಕೋಪದ ಮಾತೇನೂ ಇರಲಿಲ್ಲ. ತಮ್ಮ ದರಪಟ್ಟಿಯು ನನ್ನ ಮೇಜಿನ ಮೇಲಿರುವಾಗ ತಮ್ಮ ಬೆಳ್ಳಿಯೂ ಅದೇ ಮೇಜಿನ ಮೇಲಿರುವುದು ಇಬ್ಬರಿಗೂ ಒಳ್ಳೆಯದಲ್ಲ, ದಯವಿಟ್ಟು ತಪ್ಪು ತಿಳಿಯಬಾರದು, ಎಂದು ಬರೆದಿದ್ದರು. ನಾನು ಆ ಚೀಟಿಯನ್ನು ಆಳುಗಳು ನೋಡದಂತೆ ಜೇಬಿನಲ್ಲಿಟ್ಟುಕೊಂಡೆನು. ಲಂಚವನ್ನು ಕೊಡುವ ಮನುಷ್ಯನು ನಾನಲ್ಲವೆಂದು ನನಗೆ ನಾನೇ ಹೇಳಿಕೊಂಡೆನು. ಆದರೆ ಆ ದರಪಟ್ಟಿಯು ಅಲ್ಲಿರದಿದ್ದರೆ ಆ ಬಟ್ಟಲನ್ನು ಕೊಳ್ಳುತ್ತಿದ್ದೆನೆಯೇ ಎಂಬ ಪ್ರಶ್ನೆಗೆ ಉತ್ತರವು ಹೊಳೆಯಲಿಲ್ಲ.

ಇದಕ್ಕಿಂತ ಹೆಚ್ಚಿನ ಪೆಟ್ಟು ಜನವರಿಯ ಎರಡನೆಯ ವಾರದಲ್ಲಿ ಬಿದ್ದಿತು. ನಮ್ಮ ಓಣಿಯ ಆಚೆ ಹಿಟ್ಟಿನ ಗಿರಣಿಯನ್ನಿಟ್ಟಿರುವ ವೃದ್ಧರೊಬ್ಬರಿದ್ದಾರೆ. ವರ್ಷಕ್ಕೆ ಎರಡು ಸಲ ಪಾವತಿ ಪುಸ್ತಕಗಳನ್ನು ಅಚ್ಚು ಹಾಕಿಸುವುದೇ ಅವರ ವ್ಯವಹಾರ. ಒಂದು ದಿನವೂ ಬಾಕಿಯಿಟ್ಟವರಲ್ಲ. ಅವರು ಬಂದು ಕಟ್ಟೆಯ ಮೇಲೆ ಕುಳಿತು, ಮಳೆ ಬೆಳೆಗಳ ಮಾತನ್ನಾಡಿ, ಹೊರಡುವಾಗ ಅಳುಕುತ್ತ ಕೇಳಿದರು:

"ಸಣ್ಣ ಮಾಲಕರ, ಈ ವರ್ಷ ಕ್ಯಾಲೆಂಡರ್ ಬರಲಿಲ್ಲಲ್ರೀ. ನಮ್ಮಿಂದ ಏನರ ತಪ್ಪಾತೇನ್ರೀ?"

ನನಗೆ ಮಾತೇ ಹೊರಡಲಿಲ್ಲ. ಅವರೇ ಮುಂದುವರಿಸಿದರು. ಮನೆಯಲ್ಲಿ ಹಾಲಿನ ಲೆಕ್ಕವನ್ನೂ ಸಿಲಿಂಡರು ಬಂದ ದಿನವನ್ನೂ ಅವರ ಪತ್ನಿಯು ನಮ್ಮ ಕ್ಯಾಲೆಂಡರಿನ ಮನೆಗಳಲ್ಲಿಯೇ ಬರೆಯುವರಂತೆ. ಮೊಮ್ಮಗನು ಹುಟ್ಟಿದ ದಿನವೂ ಹಳೆಯದೊಂದರ ಮೇಲಿರುವುದರಿಂದ ಅದನ್ನು ಎತ್ತಿಟ್ಟಿರುವರಂತೆ. ಪೇಟೆಯಲ್ಲಿ ಬೇರೆ ಕ್ಯಾಲೆಂಡರುಗಳು ಸಿಕ್ಕರೂ, ಪ್ರೆಸ್ಸಿನವರದು ಬರಲಿ ಎಂದು ಡಿಸೆಂಬರಿನ ಹಾಳೆಯನ್ನೇ ಇನ್ನೂ ತೂಗುಬಿಟ್ಟಿದ್ದರಂತೆ.

"ಇಲ್ಲ ಕಾಕಾ, ತಪ್ಪು ನಿಮ್ಮದಲ್ಲ, ನಂದು" ಎಂದೆನು.

ಅವರು ಕಾಗದಕ್ಕಾಗಿ ಬಂದವರಲ್ಲ. ಆ ಮೊಳೆಯು ಬರಿದಾಗಿದ್ದುದು ಅವರಿಗೆ, ನಮ್ಮ ಮನೆಯ ಸ್ನೇಹದಿಂದ ತಮ್ಮ ಹೆಸರನ್ನು ಹೊಡೆದುಹಾಕಿದಂತೆ ಕಂಡಿತ್ತು. ಕೊಟ್ಟಿದ್ದರಿಂದ ಒಬ್ಬರನ್ನು ಅವಮಾನಿಸಿದ್ದೆನು. ಕೊಡದೆ ಇನ್ನೆಷ್ಟು ಜನರನ್ನು ನೋಯಿಸಿದ್ದೆನೋ! ಆ ಸಂಜೆ ಕಪಾಟನ್ನು ಹುಡುಕಲಾಗಿ, ಹೆಸರು ಹಾಕದೆ ಉಳಿದಿದ್ದ ನಾಲ್ವತ್ತು ಕ್ಯಾಲೆಂಡರುಗಳು ಸಿಕ್ಕವು. ಆಳುಗಳು ಮನೆಗೆ ಹೋದ ತರುವಾಯ ನಾನೇ ಮೊಳೆಗಳನ್ನು ಜೋಡಿಸಿ, ತೀರ್ಥರೂಪರ ಹಳೆಯ ಟ್ರೆಡಲ್ಲಿಗೆ ಎಣ್ಣೆ ಬಿಟ್ಟು, ನಮ್ಮ ಹೆಸರನ್ನು ಅಚ್ಚು ಹಾಕಿದೆನು. ಸಂಕ್ರಾಂತಿಯ ದಿನ ಎಳ್ಳು ಬೆಲ್ಲದೊಡನೆ ಸೈಕಲ್ಲಿನ ಮೇಲೆ ನಲವತ್ತು ಬಾಗಿಲುಗಳಿಗೆ ಹೋದೆನು. ಮೊದಲನೆಯ ಬಾಗಿಲು ಗಿರಣಿಯವರದು.

ಉಳಿದ ಐದು ಬಟ್ಟಲುಗಳ ಕಥೆಯನ್ನೂ ಹೇಳಿಬಿಡುತ್ತೇನೆ. ಮೂವರು ವಂದನೆಯನ್ನು ತಿಳಿಸಿದರು. ಇಬ್ಬರು ಮರುವರ್ಷ ಇನ್ನೂ ಭಾರವಾದುದನ್ನು ನಿರೀಕ್ಷಿಸಿದರು.

ಈಗಂತೂ ಸರ್ಕಾರವೇ ಇಂಥ ಉಡುಗೊರೆಗಳ ಮೇಲೆ ಕಣ್ಣಿಟ್ಟಿದೆ. 2017ರಲ್ಲಿ ಬಂದ ಜಿ.ಎಸ್.ಟಿ. ಕಾಯಿದೆಯ ಮೇರೆಗೆ, ಉಡುಗೊರೆಯಾಗಿ ಕೊಟ್ಟ ಸಾಮಾನಿನ ಮೇಲೆ ನಾವು ತೆತ್ತ ತೆರಿಗೆಯನ್ನು ನಮ್ಮ ತೆರಿಗೆಯಲ್ಲಿ ವಜಾ ಹಿಡಿಯುವಂತಿಲ್ಲ. 2022ರ ಜುಲೈ 1ರಿಂದ ದೊಡ್ಡ ವ್ಯಾಪಾರಸ್ಥರು, ವ್ಯವಹಾರದ ಸಂಬಂಧದಿಂದ ಒಬ್ಬರಿಗೆ ವರ್ಷದಲ್ಲಿ 20,000 ರೂಪಾಯಿಗೆ ಮೀರಿದ ಲಾಭವನ್ನು ಮಾಡಿಕೊಟ್ಟರೆ, ಅದರ ಮೇಲೆ ನೂರಕ್ಕೆ 10ರಂತೆ ತೆರಿಗೆಯನ್ನು ಮುರಿದು ಕಟ್ಟಬೇಕು. ಇದು ಯುಕ್ತವೇ. ಆದರೆ ಕಾಯಿದೆಯು ಉಡುಗೊರೆಯ ಬೆಲೆಯನ್ನು ತೂಗುತ್ತದೆ. ಅದನ್ನು ಕೊಟ್ಟ ಹೊತ್ತನ್ನು ತೂಗುವುದು ಕೊಡುವವನದೇ ಕೆಲಸ. ಕಳೆದ ವರ್ಷಕ್ಕಾಗಿ ಕೊಟ್ಟದ್ದು ಕೃತಜ್ಞತೆ. ಬರುವ ವರ್ಷಕ್ಕಾಗಿ ಕೊಟ್ಟದ್ದು ಬೀಜ ಬಿತ್ತಿದಂತೆ, ಫಲವನ್ನು ಕಾಯುತ್ತ ಕುಳಿತಿರುತ್ತದೆ. ವಸ್ತುವೊಂದೇ ಆದರೂ ಪಡೆಯುವವರ ಕೈಗೆ ಅದರ ಅಂತರವು ತಿಳಿಯುತ್ತದೆ.

ಆ ಅಧಿಕಾರಿಗಳು ಆ ವರ್ಷದ ಕೆಲಸವನ್ನು ನಮಗೆ ಕೊಡಲಿಲ್ಲ. ನಮ್ಮ ದರವು ಹೆಚ್ಚಾಗಿತ್ತು. ಮರುವರ್ಷ ದರವು ಹೊಂದಿತು, ಕೆಲಸವು ಬಂದಿತು. ಕೆಲಸವು ಮುಗಿದು ಹಣವು ಪೂರ್ತಿ ಸಂದಾಯವಾದ ಮೇಲೆ ಅವರಿಗೂ ಒಂದು ಕ್ಯಾಲೆಂಡರನ್ನು ಕಳುಹಿಸಿದೆನು. ಅದು ಹಿಂದಿರುಗಿ ಬರಲಿಲ್ಲ. ಮುಂದೊಮ್ಮೆ ಅಲ್ಲಿಗೆ ಹೋದಾಗ, ಬಂದುಹೋಗುವವರಿಗೆಲ್ಲ ಕಾಣುವಂತೆ ಅವರ ಕುರ್ಚಿಯ ಹಿಂದಿನ ಗೋಡೆಯ ಮೇಲೆ ಅದು ತೂಗುತ್ತಿತ್ತು.

ಹಿಂದಿರುಗಿ ಬಂದ ಬಟ್ಟಲಿನಲ್ಲಿ ಈಗ ನಮ್ಮ ಮನೆಯಾಕೆಯು ಲಕ್ಷ್ಮೀಪೂಜೆಯ ದಿನ ಕುಂಕುಮವನ್ನು ತುಂಬಿಡುತ್ತಾಳೆ. ಹೊಸ ವಹಿಗೆ ಕುಂಕುಮವಿಡಲು ಅದರಲ್ಲಿ ಬೆರಳದ್ದುವಾಗ ಪ್ರತಿವರ್ಷವೂ ಆ ಚೀಟಿಯು ನನ್ನ ನೆನಪಿಗೆ ಬರುತ್ತದೆ.