ಅಬ್ಬಿ ನೀರಲ್ಲಿ ತೊಳೆದ ಚಿತ್ರಗಳು

1998ರ ದಸರಾ ರಜೆ. ಸಿರಸಿಯಲ್ಲಿ ಹೆಗ್ಗರಣೆಯ ಬಸ್ಸು ಹತ್ತುವಾಗ ನನ್ನ ಕೈಯಲ್ಲಿದ್ದ ಮರದ ತೊಟ್ಟಿಯನ್ನು ನೋಡಿದ ಕಂಡಕ್ಟರು, "ಜೇನು ಪೆಟ್ಟಿಗೆಯೇನ್ರೀ?" ಎಂದು ಕೇಳಿದರು. "ಅಲ್ಲ, ಫೋಟೋ ತೊಳೆಯುವ ತೊಟ್ಟಿ" ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ಅವರ ತಪ್ಪೂ ಅಲ್ಲ. ನಮ್ಮಲ್ಲಿ 'ಫೋಟೋ ತೊಳೆಸುವುದು' ಎಂದರೆ ಸ್ಟುಡಿಯೋಗೆ ರೀಲು ಕೊಟ್ಟು ಬರುವುದು. ನಾನು ಹೇಳಿದ್ದು ನಿಜವಾಗಿಯೂ ನೀರಿನಲ್ಲಿ ತೊಳೆಯುವ ಮಾತು.

ಹೆಗ್ಗರಣೆ ಸಿದ್ದಾಪುರ ತಾಲ್ಲೂಕಿನ ಹಳ್ಳಿ. ಅಘನಾಶಿನಿ ನದಿ 116 ಮೀಟರ್ ಎತ್ತರದಿಂದ ಧುಮುಕುವ ಉಂಚಳ್ಳಿ ಜಲಪಾತಕ್ಕೆ ಹೋಗುವವರು ಈ ಹಳ್ಳಿಯ ಮೇಲೆಯೇ ಹೋಗಬೇಕು. ಹತ್ತಿರ ನಿಂತರೆ ಪಕ್ಕದವರ ಮಾತೂ ಕೇಳಿಸದಷ್ಟು ಭೋರ್ಗರೆತ. ಅದಕ್ಕೇ ಊರವರು ಇದನ್ನು 'ಕೆಪ್ಪ ಜೋಗ' ಎನ್ನುತ್ತಾರೆ. ಜಲಪಾತದ ದಾರಿಯಲ್ಲಿ, ಅಡಿಕೆ ತೋಟದ ತಲೆಯ ಮೇಲೆ ನನ್ನ ಕಾಲೇಜು ಗೆಳೆಯನ ಮನೆ. ಅಲ್ಲಿನ ಕಿಟಕಿಯಿಲ್ಲದ ಉಗ್ರಾಣವೇ ಅವನ ಡಾರ್ಕ್‌ರೂಮು. ಆದರೆ ನಾನು ಅಷ್ಟು ದೂರ ಹೋದದ್ದು ಕತ್ತಲೆಗಾಗಿ ಅಲ್ಲ, ನೀರಿಗಾಗಿ.

ಮನೆಯ ಹಿಂದಿನ ಗುಡ್ಡದಲ್ಲಿ ಒಂದು ಒರತೆ ಇದೆ. ಹಿಂದೆ ಅದರ ನೀರು ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಹರಿದು ಹಿತ್ತಲಿಗೆ ಬರುತ್ತಿತ್ತು. ಆ ಹೊತ್ತಿಗೆ ದಬ್ಬೆಯ ಜಾಗದಲ್ಲಿ ಕಪ್ಪು ಪೈಪು ಬಂದಿತ್ತು. ಪಂಪಿಲ್ಲ, ಕರೆಂಟಿಲ್ಲ, ನಿಲ್ಲಿಸುವ ನಲ್ಲಿಯೂ ಇಲ್ಲ. ಹಗಲು ರಾತ್ರಿ ಹರಿಯುವ ಈ ನೀರಿಗೆ ಅಲ್ಲಿಯವರು 'ಅಬ್ಬಿ' ಎನ್ನುತ್ತಾರೆ.

ನನಗೆ ಅಂಥ ನೀರು ಬೇಕಾದದ್ದಕ್ಕೆ ಕಾರಣ ಒಂದು ಹಳೆಯ ತಪ್ಪು. 1991ರಲ್ಲಿ ನನ್ನ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ನಿವೃತ್ತರಾದಾಗ ಅವರ ದೊಡ್ಡ ಭಾವಚಿತ್ರವೊಂದನ್ನು ನಾನೇ ಮುದ್ರಿಸಿ ಕೊಟ್ಟಿದ್ದೆ. ಆಗ ನನ್ನ ಬಾಡಿಗೆ ಮನೆಗೆ ನಲ್ಲಿ ನೀರು ಬರುತ್ತಿದ್ದುದು ದಿನ ಬಿಟ್ಟು ದಿನ. ಎರಡು ಬಕೆಟ್ ನೀರಿನಲ್ಲಿ ಅದ್ದಿ ತೆಗೆದು ತೊಳೆಯಿತೆಂದುಕೊಂಡೆ. ಏಳು ವರ್ಷಗಳ ನಂತರ ಮೇಷ್ಟ್ರು ತೀರಿಕೊಂಡರೆಂದು ತಿಳಿದು ಅವರ ಮನೆಗೆ ಹೋದರೆ, ಗೋಡೆಯ ಮೇಲಿನ ಚಿತ್ರದಲ್ಲಿ ಹಣೆಯಿಂದ ಕೆನ್ನೆಯವರೆಗೆ ಹಳದಿಗಂದು ಕಲೆ. ಅವರ ಶ್ರೀಮತಿಯವರು, "ಮಳೆಗಾಲದ ಥಂಡಿಗೆ ಹೀಗಾಯ್ತೋ ಏನೋ" ಎಂದರು. ಥಂಡಿಯಲ್ಲ ಎಂದು ನನಗೆ ಗೊತ್ತಿತ್ತು. ಅವರಲ್ಲಿ ಮೇಷ್ಟ್ರ ದೊಡ್ಡ ಚಿತ್ರವೆಂದರೆ ಅದೊಂದೇ. ಪುಣ್ಯಕ್ಕೆ ನೆಗೆಟಿವ್ ನನ್ನ ಬಳಿ ಇತ್ತು.

ತಪ್ಪು ಏನೆಂಬುದನ್ನು ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ಕಪ್ಪು-ಬಿಳುಪು ಚಿತ್ರ ಮೂಡಿದ ಮೇಲೆ, ಬೆಳಕು ಕಾಣದೆ ಉಳಿದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆಯಬೇಕು. ಈ ಕೆಲಸ ಮಾಡುವುದು ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್. ಅದರ ಈ ಗುಣವನ್ನು 1819ರಲ್ಲಿ ಕಂಡುಕೊಂಡವರು ಜಾನ್ ಹರ್ಷೆಲ್. ಆದರೆ ಕೆಲಸ ಮುಗಿಸಿದ ಹೈಪೋ ಕಾಗದದೊಳಗೆ ಉಳಿದರೆ ಕಾಲಕ್ರಮದಲ್ಲಿ ಅದರ ಗಂಧಕ ಬೆಳ್ಳಿಯೊಡನೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ಅದೇ ಆ ಕಂದು ಕಲೆ. ಚಿತ್ರಗಳು ಮಾಸುವುದೇಕೆಂದು ಪತ್ತೆ ಮಾಡಲು 1855ರಲ್ಲಿಯೇ ಲಂಡನ್ನಿನಲ್ಲಿ ಒಂದು ಸಮಿತಿ ನೇಮಕವಾಗಿತ್ತು. ಉಳಿದ ಹೈಪೋವನ್ನು ಅದು ಮುಖ್ಯ ಕಾರಣಗಳಲ್ಲಿ ಒಂದೆಂದು ಗುರುತಿಸಿತು.

ಪ್ಲಾಸ್ಟಿಕ್ ಲೇಪದ ಕಾಗದವಾದರೆ ಕೆಲವೇ ನಿಮಿಷ ತೊಳೆದರೆ ಸಾಕು. ಬಹುಕಾಲ ಬಾಳಬೇಕೆಂದು ನಾನು ಆರಿಸಿದ್ದ ಫೈಬರ್ ಕಾಗದ ಹೈಪೋವನ್ನು ತನ್ನ ನಾರಿನೊಳಗೆ ಹೀರಿಕೊಂಡಿರುತ್ತದೆ. ಅದು ಹೊರಬರುವುದು ಉಜ್ಜಿದ್ದರಿಂದಲ್ಲ, ವಿಸರಣದಿಂದ. ಹೆಚ್ಚು ಇರುವಲ್ಲಿಂದ ಕಡಿಮೆ ಇರುವಲ್ಲಿಗೆ ಅದು ತಾನಾಗಿಯೇ ಸರಿಯಬೇಕು. ಹಾಗಾಗಬೇಕಾದರೆ ಕಾಗದದ ಎರಡೂ ಬದಿಗೆ ಹೊಸ ನೀರು ತಾಗುತ್ತಲೇ ಇರಬೇಕು. 20×24 ಅಂಗುಲದ ಹಾಳೆಗಳು ತಟ್ಟೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಮಲಗುತ್ತವೆ, ನೀರು ಮೇಲಿನಿಂದಲೇ ಹರಿದುಹೋಗುತ್ತದೆ. ಅದಕ್ಕೇ ಹಾಳೆಗಳನ್ನು ನಿಲ್ಲಿಸಿ ತೊಳೆಯುವ ತೊಟ್ಟಿ ಬೇಕಾಯಿತು.

ಅಂಗಡಿಯಲ್ಲಿ ಕೊಳ್ಳುವ ಶಕ್ತಿ ಇರಲಿಲ್ಲ. ನಮ್ಮೂರ ಬಡಗಿ 26 ಅಂಗುಲ ಉದ್ದ, 22 ಅಂಗುಲ ಆಳ, 6 ಅಂಗುಲ ಅಗಲದ ಪ್ಲೈವುಡ್ ಪೆಟ್ಟಿಗೆ ಮಾಡಿಕೊಟ್ಟ. ಒಳಗೆ ನೀರು ಹಿಡಿಯದ ಎಪಾಕ್ಸಿ ಬಣ್ಣ ಬಳಿದೆವು. ತುಂಬಿದರೆ ಸುಮಾರು 55 ಲೀಟರ್. ಅಷ್ಟು ನೀರಿನ ಒತ್ತಡಕ್ಕೆ ಬದಿಗಳು ಉಬ್ಬದಂತೆ ಹೊರಗಿನಿಂದ ರೀಪರು ಹೊಡೆಸಿದೆ. ಒಳಗೆ ಉಬ್ಬುಗೆರೆಯ ಪ್ಲಾಸ್ಟಿಕ್ ಹಾಳೆಗಳನ್ನು ಅಡ್ಡಗೋಡೆ ಮಾಡಿ ನಾಲ್ಕು ಖಾನೆ. ನುಣುಪು ಹಾಳೆಯಾದರೆ ಒದ್ದೆ ಚಿತ್ರ ಅದಕ್ಕೇ ಅಂಟಿಬಿಡುತ್ತದೆ. ತಳದಲ್ಲಿ ಅರ್ಧ ಅಂಗುಲದ ಪಿವಿಸಿ ಪೈಪು, ಅದಕ್ಕೆ ಅಂಗುಲಕ್ಕೊಂದರಂತೆ ಸಣ್ಣ ತೂತು. ಮೇಲೆ ನೀರು ಉಕ್ಕಿ ಹೋಗಲು ಒಂದು ಕಚ್ಚು.

ಹಿತ್ತಲಿನಲ್ಲಿ ಅಬ್ಬಿಯ ಪೈಪಿಗೆ ಹಳೆ ಪಂಚೆಯ ತುಂಡು ಕಟ್ಟಿ, ಕಸ ಸೋಸಿ, ತೊಟ್ಟಿಗೆ ಜೋಡಿಸಿದೆವು. ಚಿತ್ರ ಇಳಿಸುವ ಮೊದಲು ಒಂದು ಚಮಚ ನೀಲಿ ಇಂಕು ಸುರಿದೆ. ನಡುವಿನ ನೀಲಿ ಬೇಗ ತಿಳಿಯಾಯಿತು. ಆದರೆ ದೂರದ ಕೆಳಮೂಲೆಯಲ್ಲಿ ಅದು ಮೊಂಡು ಹಿಡಿದು ಕೂತೇ ಇತ್ತು. ಮೇಷ್ಟ್ರ ಹಣೆ ಆ ಮೂಲೆಗೆ ಬಂದಿದ್ದರೆ? ಪೈಪಿನ ತೂತುಗಳನ್ನು ತಳದ ಕಡೆ ತಿರುಗಿಸಿ, ಎರಡೂ ತುದಿಯಿಂದ ನೀರು ಬಿಟ್ಟೆವು. ಮತ್ತೆ ಇಂಕು, ಮತ್ತೆ ಕಾಯುವುದು. ಮೂರನೆಯ ಸಲ ಮೂಲೆಯೂ ತಿಳಿಯಾಯಿತು.

ಬಕೆಟ್ ಹಿಡಿದು ಅಳೆದರೆ ನಿಮಿಷಕ್ಕೆ 5 ಲೀಟರ್ ನೀರು. ಅಂದರೆ ತೊಟ್ಟಿಯಷ್ಟು ನೀರು ಹಾದುಹೋಗಲು 11 ನಿಮಿಷ. ಹೊಸ ನೀರು ಹಳೆಯದರೊಡನೆ ಪೂರ್ತಿ ಬೆರೆಯುತ್ತದೆಂದುಕೊಂಡರೆ, ಒಮ್ಮೆ ಹಾದಾಗ ನೀರಿನಲ್ಲಿನ ಹೈಪೋದ 100ರಲ್ಲಿ 37 ಪಾಲು ಇನ್ನೂ ಉಳಿದಿರುತ್ತದೆ. ಐದು ಸಲ ಹಾದಾಗ ಒಂದು ಪಾಲೂ ಉಳಿಯದು. ಗಂಟೆಗೆ 300 ಲೀಟರ್! ನಮ್ಮ ಪೇಟೆಯಲ್ಲಿ ಇಷ್ಟು ನೀರು ಕೇಳುವುದೂ ಪಾಪ.

ಮೇಷ್ಟ್ರ ಚಿತ್ರವನ್ನೂ ಉಂಚಳ್ಳಿಯ ಒಂದು ಚಿತ್ರವನ್ನೂ ಮುದ್ರಿಸಿ ತೊಟ್ಟಿಗೆ ಇಳಿಸಲು ಹೊರಟಿದ್ದೆವು. ಎಲ್ಲವನ್ನೂ ನೋಡುತ್ತ ನಿಂತಿದ್ದ ಗೆಳೆಯನ ತಾಯಿ ಮಗನನ್ನು ಕೇಳಿದರು: "ತಮಾ, ಈ ನೀರು ಕಡಿಗೆ ಎಲ್ಲಿಗೆ ಹೋಗ್ತು?"

ನಾವಿಬ್ಬರೂ ಬಿಎಸ್ಸಿ ಓದಿದವರು. ಇಬ್ಬರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ಹಿತ್ತಲಿನ ನೀರು ತೋಟದ ಕಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಅಘನಾಶಿನಿಗೆ. ನಾವು ಚಿತ್ರ ತೆಗೆದ ಜಲಪಾತಕ್ಕೇ! ಕೂಡಲೇ ಕ್ರಮ ಬದಲಿಸಿದೆವು. ಮೊದಲು ಚಿತ್ರಗಳನ್ನು ತಟ್ಟೆಯಲ್ಲಿ ಎರಡು ಸಲ ಜಾಲಿಸಿದೆವು. ಆ ನೀರನ್ನೂ ಬಳಸಿದ ಹೈಪೋವನ್ನೂ ಕ್ಯಾನಿಗೆ ತುಂಬಿಟ್ಟೆವು. ಅನಂತರ ಲೀಟರಿಗೆ 20 ಗ್ರಾಂ ಸೋಡಿಯಂ ಸಲ್ಫೈಟ್ ಹಾಕಿದ ದ್ರಾವಣದಲ್ಲಿ ಹತ್ತು ನಿಮಿಷ ಇಟ್ಟು, ಅದನ್ನೂ ಕ್ಯಾನಿಗೆ ಸುರಿದೆವು. ಇದರಿಂದ ಹೈಪೋ ಬೇಗ ಬಿಡುತ್ತದೆ. ಕೊನೆಗೆ ಅಬ್ಬಿಯಲ್ಲಿ ಒಂದು ಗಂಟೆ. ಕ್ಯಾನುಗಳು ಬಸ್ಸಿನಲ್ಲಿ ನನ್ನೊಂದಿಗೇ ವಾಪಸಾದವು. ಎಕ್ಸ್-ರೇ ಕೇಂದ್ರಗಳಿಂದ ಹಳೆ ಹೈಪೋ ಕೊಂಡು ಬೆಳ್ಳಿ ತೆಗೆಯುವವರಿಗೆ ಕೊಟ್ಟೆ.

ಹೊರಡುವ ಮುನ್ನ ಒಂದು ಪರೀಕ್ಷೆ. ಚಿತ್ರವನ್ನು ಸ್ವಲ್ಪ ಹೊತ್ತು ನಿಂತ ನೀರಿನಲ್ಲಿಟ್ಟು, ಆ ನೀರಿನ ಹನಿಗಳನ್ನು ತೆಳು ನೇರಳೆ ಬಣ್ಣದ ಪೊಟಾಸಿಯಂ ಪರ್ಮಾಂಗನೇಟಿಗೆ ಬಿಟ್ಟೆ. ಹೈಪೋ ಇದ್ದರೆ ನೇರಳೆ ಹೋಗಿಬಿಡುತ್ತದೆ. ಒರತೆ ನೀರಿನ ಕೊಳೆಯೂ ಬಣ್ಣ ಕೆಡಿಸಬಹುದಲ್ಲ, ಅದಕ್ಕೆ ಪಕ್ಕದ ಲೋಟಕ್ಕೆ ಬರೀ ಅಬ್ಬಿ ನೀರು. ಎರಡು ಲೋಟದಲ್ಲೂ ನೇರಳೆ ಹಾಗೆಯೇ ಉಳಿಯಿತು.

ಮೇಷ್ಟ್ರ ಮನೆಗೆ ಹೊಸ ಚಿತ್ರ ಒಯ್ದಾಗ, ಹಳೆಯದು ಕೆಟ್ಟದ್ದು ನನ್ನ ಅವಸರದಿಂದ ಎಂದು ಹೇಳಿಯೇ ಕೊಟ್ಟೆ. ಅವರ ಶ್ರೀಮತಿಯವರು ಹಳೆಯದನ್ನು ನನ್ನ ಕೈಗೇ ಕೊಟ್ಟು, "ಮಕ್ಕಳಿಗೆ ತೋರಿಸಿ" ಎಂದರು. ಅಂದಿನಿಂದ ಅದನ್ನು ತರಗತಿಯಲ್ಲಿ ತೋರಿಸುತ್ತ ಬಂದಿದ್ದೇನೆ.

ಕಳೆದ ವರ್ಷ ದಸರೆಗೆ ಮತ್ತೆ ಹೆಗ್ಗರಣೆಗೆ ಹೋಗಿದ್ದೆ. ಗೆಳೆಯನ ತಾಯಿ ಈಗಿಲ್ಲ. ತೊಟ್ಟಿಯಲ್ಲಿ ಹೂವಿನ ಗಿಡಗಳಿವೆ. ಜಗಲಿಯ ಗೋಡೆಯ ಮೇಲೆ ಉಂಚಳ್ಳಿಯ ಚಿತ್ರವಿದೆ. ಮಲೆನಾಡಿನ ಮಳೆಗೆ ಒಂದು ಅಂಚಿನಲ್ಲಿ ಬೂಷ್ಟು ಹಿಡಿದಿದೆ, ಆದರೆ ನೀರಿನ ಬಿಳುಪು ಬಿಳುಪಾಗಿಯೇ ಇದೆ. ಹಿತ್ತಲಿಗೆ ಹೋಗಿ ಅಬ್ಬಿಗೆ ಬೊಗಸೆ ಒಡ್ಡಿದೆ. ಮುಖ ತೊಳೆದ ನೀರು ಕಾಲ ಬಳಿಯಿಂದ ಹರಿದು ತೋಟದ ಕಡೆ ಇಳಿಯಿತು. ಅದು ಎಲ್ಲಿಗೆ ಹೋಗುತ್ತದೆಂದು ಈಗ ನನಗೆ ಗೊತ್ತು.